ಹನ್ನೆರಡು ಕಿಲೋಮೀಟರಿನ ಶೆಡ್ಡು

ಮಾಣಿಕಪ್ರಭುಗಳು 1817ರ ದತ್ತ ಜಯಂತಿಯಂದು ಹುಟ್ಟಿದರು. ಹಾಗಾಗಿ ಪ್ರತಿವರ್ಷ ಆ ಹೊತ್ತಿಗೆ ಮಾಣಿಕನಗರದಲ್ಲಿ ಜಾತ್ರೆ. ಬಂದವರಿಗೆ ಊಟ ಬಡಿಸಲು ನಮ್ಮ ಓಣಿಯವರು ಒಂದು ತಗಡಿನ ಶೆಡ್ಡು ಹಾಕಬೇಕೆಂದರು. ಒಂದು ಕಡೆ ಹಳೆಯ ಕಲ್ಲುಗೋಡೆ, ಉಳಿದ ಮೂರು ಕಡೆ ಬಯಲು. ಇಂಥ ಮಾಡನ್ನು ಗಾಳಿ ಕೆಳಗಿನಿಂದ ನೂಕುತ್ತದೆ, ಮೇಲಿನಿಂದ ಎಳೆಯುತ್ತದೆ. ಅದರಡಿ ಪಂಕ್ತಿಯಲ್ಲಿ ಜನ ಕೂತಿರುತ್ತಾರೆ. ಗಾಳಿಯ ಲೆಕ್ಕ ಮಾಡಿಕೊಡು ಎಂದು ನನಗೆ ಹೇಳಿದರು, ನನ್ನ ಕೆಲಸವೇ ಅದು.

ಇಂಜಿನಿಯರಿಂಗ್ ಓದುವ ಅಣ್ಣನ ಮಗ ಶೆಡ್ಡಿನ ಎಸ್‌ಟಿಎಲ್ ಕಡತ ಕಳಿಸಿದ. ಸುತ್ತಲಿನ ಗೋಡೆ, ಮನೆ, ನೆಲದ ಏರಿಳಿತ ಇನ್ನೊಂದು ಕಡತದಲ್ಲಿ. ಎರಡನ್ನೂ ಓಪನ್‌ಫೋಮ್‌ಗೆ ತಂದಾಗ ಅವನದೇ ಮೊದಲ ಪ್ರಶ್ನೆ: "ಕಾಕಾ, ಶೆಡ್ ಎಲ್ಲಿ ಹೋಯ್ತು? ಕಾಣವಲ್ದು."

ಎಸ್‌ಟಿಎಲ್ ಎಂದರೆ ಬರೀ ತ್ರಿಕೋನಗಳ ಪಟ್ಟಿ. ಅದರಲ್ಲಿ ಅಂಕಿ ಇರುತ್ತದೆ, ಅಳತೆಯ ಹೆಸರು ಇರುವುದಿಲ್ಲ. ಶೆಡ್ಡಿನ ಉದ್ದ 12192 ಎಂದಿತ್ತು. ಓಪನ್‌ಫೋಮ್ ಅದನ್ನು ಮೀಟರೆಂದೇ ಓದುತ್ತದೆ; ಹಾಗೆ ಬಿಟ್ಟರೆ ಹುಮನಾಬಾದ್ ಪೇಟೆಯೆಲ್ಲ ನಮ್ಮ ಶೆಡ್ಡಿನ ನೆರಳಿಗೆ ಬರುತ್ತದೆ. 12192ನ್ನು 304.8ರಿಂದ ಭಾಗಿಸಿದರೆ ಸರಿಯಾಗಿ 40. ವೆಲ್ಡಿಂಗ್ ಅಂಗಡಿಯವನು ಹೇಳಿದ 40 ಫೂಟನ್ನು ಹುಡುಗ ಮಿಲಿಮೀಟರಿನಲ್ಲಿ ಬರೆದಿದ್ದಾನೆ.

ಈ ಸಾವಿರ ಪಟ್ಟಿನ ವ್ಯತ್ಯಾಸಕ್ಕೆ ನಾನು ಅಂಜುವುದಿಲ್ಲ, ಅದು ತಾನಾಗಿ ಕಣ್ಣಿಗೆ ಬೀಳುತ್ತದೆ. ಅಂಜಿಕೆ 40ರದ್ದು. ಕಡತದಲ್ಲಿ ಬರೀ 40 ಎಂದಿದ್ದರೆ 40 ಮೀಟರಿನ ಶೆಡ್ಡೂ ಲೋಕದಲ್ಲಿ ಇರುವಂಥದ್ದೇ. ಚೂಪು ಅಂಚಿನ ಕಟ್ಟಡದ ಸುತ್ತ ಗಾಳಿಯ ಚಿತ್ರ ಗಾತ್ರ ಬದಲಾದರೂ ಹೆಚ್ಚು ಬದಲಾಗುವುದಿಲ್ಲ, ಕೆಂಪು ನೀಲಿ ಬಣ್ಣಗಳು ಅಷ್ಟೇ ಚಂದ ಬರುತ್ತವೆ. ಮಾಡಿನ ಮೇಲಿನ ಬಲ ಮಾತ್ರ ಹತ್ತು ಪಟ್ಟಿಗೂ ಮಿಕ್ಕು ಹೆಚ್ಚಿರುತ್ತದೆ.

ಎರಡನೆಯ ಕಡತ ಮೀಟರಿನಲ್ಲೇ ಇತ್ತು, ಆದರೆ ಸರ್ವೆಯ ಯುಟಿಎಂ ಲೆಕ್ಕದ್ದು. ಅಲ್ಲಿ ಉತ್ತರದ ಅಂಕಿ ಭೂಮಧ್ಯರೇಖೆಯಿಂದ ಶುರು; ನಮ್ಮೂರಿನದು 19 ಲಕ್ಷ 60 ಸಾವಿರಕ್ಕೂ ಮೇಲೆ. ಶೆಡ್ಡನ್ನು ಹುಡುಗ ಸೊನ್ನೆಯಲ್ಲಿ ಬಿಡಿಸಿದ್ದ. ಹಾಗಾಗಿ ಮನೆಗಳು ಮಾಣಿಕನಗರದಲ್ಲಿ, ಶೆಡ್ಡು ಮಾಲ್ಡೀವ್ಸಿನ ಪಶ್ಚಿಮಕ್ಕೆ ಸಮುದ್ರದಲ್ಲಿ! ಶೆಡ್ಡನ್ನು ಊರಿಗೆ ತರುವುದು ಸುಲಭದ ದಾರಿ ಅನಿಸುತ್ತದೆ. ಆದರೆ ಬೈನರಿ ಎಸ್‌ಟಿಎಲ್ ಒಂದೊಂದು ಅಂಕಿಗೆ 32 ಬಿಟ್ ಮಾತ್ರ ಕೊಡುತ್ತದೆ. ಅಷ್ಟು ದೊಡ್ಡ ಅಂಕಿಯಲ್ಲಿ ಅದರ ಒಂದು ಹೆಜ್ಜೆ 12.5 ಸೆಂಟಿಮೀಟರ್, ಕೊಳವೆ ಕಂಬಗಳು ಸೊಟ್ಟಗಾಗುತ್ತವೆ. ಊರನ್ನೇ ಸೊನ್ನೆಗೆ ತರಬೇಕು, ಅದೂ ಮೂಲ ಸರ್ವೆ ಅಂಕಿಗಳಿಂದ. ಶೆಡ್ಡನ್ನು ಮೊದಲು 0.001ರಿಂದ ಗುಣಿಸಿ, ಆಮೇಲೆ ಸರಿಸಬೇಕು. ಮೊದಲೇ 30 ಮೀಟರ್ ಸರಿಸಿ ನಂತರ ಗುಣಿಸಿದರೆ ಆ 30 ಮೀಟರೂ 3 ಸೆಂಟಿಮೀಟರಾಗುತ್ತದೆ.

ಸೊನ್ನೆ ಎಲ್ಲಿ, ಫೂಟು ಎಷ್ಟು ಎಂಬ ಜಗಳ ನಮ್ಮ ಸೀಮೆಗೆ ಹೊಸದಲ್ಲ. ಜಾರ್ಜ್ ಎವರೆಸ್ಟ್ 1847ರಲ್ಲಿ ಪ್ರಕಟಿಸಿದ ರೇಖಾಂಶದ ಅಳತೆಯ ದಕ್ಷಿಣ ತುದಿ ಬೀದರ್ ಸೀಮೆಯ ದಾಮರಗಿದ್ದ. ಅವನ ಹೆಸರಿನ ಭೂಮಿಯ ಅರ್ಧ ಅಡ್ಡಳತೆ 2,09,22,931.8 ಭಾರತೀಯ ಅಡಿ. ಅದೇ ಅಡಿಗಳನ್ನು ಮೀಟರಿಗೆ ತಿರುಗಿಸುವ ಅನುಪಾತ ಒಂದಕ್ಕಿಂತ ಹೆಚ್ಚು ಇದ್ದುದರಿಂದ ಒಂದು ಪಟ್ಟಿಯಲ್ಲಿ ಅದು 63,77,276 ಮೀಟರ್, ಇನ್ನೊಂದರಲ್ಲಿ 63,77,301. ಭೂಮಿ ಒಂದೇ, ನಡುವೆ 25 ಮೀಟರ್.

ಗಾತ್ರವಾಯಿತು, ಜಾಗವಾಯಿತು. ದಿಕ್ಕು ಉಳಿದಿತ್ತು. ಕಡತದಲ್ಲಿ ಗೋಡೆ ಪಶ್ಚಿಮಕ್ಕಿತ್ತು. ಅದು ನನಗೆ ಒಪ್ಪಿಗೆಯಾಗದೆ ಅಣ್ಣನಿಗೆ ಫೋನ್ ಮಾಡಿದೆ. "ಗೋಡಿ ಮೂಡಣಕ್ಕದ, ಬಾಯಿ ಪಡುವಣಕ್ಕ," ಎಂದ. ಮಳೆಗಾಲದ ಗಾಳಿ ಬರುವುದು ಪಡುವಣದಿಂದಲೇ. ಹಾಗಾದರೆ ಗಾಳಿ ನೇರ ಒಳನುಗ್ಗಿ, ಗೋಡೆಗೆ ತಗುಲಿ, ಹೋಗಲು ದಾರಿಯಿಲ್ಲದೆ ತಗಡನ್ನೇ ಎತ್ತುತ್ತದೆ. ಶೆಡ್ಡನ್ನು 180 ಡಿಗ್ರಿ ತಿರುಗಿಸಿದೆ. ಸೆಕೆಂಡಿಗೆ 30 ಮೀಟರಿನ ಗಾಳಿಗೆ ಆ 40 ಫೂಟ್ ಉದ್ದ, 20 ಫೂಟ್ ಅಗಲದ ಮಾಡಿನ ಮೇಲೆ ನಾಲ್ಕು ಟನ್ನಿಗೂ ಹೆಚ್ಚು ಎತ್ತುವ ಬಲ ಬಂತು. ಗೋಡೆ ಪಶ್ಚಿಮಕ್ಕಿದ್ದಾಗ ಅಷ್ಟಿರಲಿಲ್ಲ.

ಲೆಕ್ಕವನ್ನು ಕಟ್ಟಡದ ಇಂಜಿನಿಯರರೊಬ್ಬರು ನೋಡಿ, ಬುಡದ ಕಾಂಕ್ರೀಟು ಹೆಚ್ಚಿಸಿ, 12 ಮಿಲಿಮೀಟರಿನ ಬೋಲ್ಟು ಬರೆದುಕೊಟ್ಟರು. ಚೀಟಿ ವೆಲ್ಡಿಂಗ್ ಅಂಗಡಿಗೆ ಹೋಯಿತು. ಅವನು ಅದನ್ನು ಎರಡು ಸಲ ಓದಿ ಕೇಳಿದ್ದು ಒಂದೇ: "ಎಷ್ಟು ಸೂತ್ ರೀ ಇದು?"