ನಾಲ್ಕು ತಂತಿ, ಮೂರು ಆಸಿಲೇಟರ್

1974ರ ‘ಬೂಗಿ ಆನ್ ರೆಗೇ ವುಮನ್’ ಹಾಡಿನಲ್ಲಿ ಬೇಸ್ ಗಿಟಾರ್ ಇಲ್ಲ. ಮಂದ್ರದಲ್ಲಿ ಹೊರಳುತ್ತ, ಸ್ವರದಿಂದ ಸ್ವರಕ್ಕೆ ನುಣುಚುತ್ತ ಹಾಡನ್ನು ಹೊತ್ತು ನಡೆಸುವ ಆ ದಪ್ಪ ದನಿ ಮೂಗ್ ಸಿಂತಸೈಜರಿನದು. ನುಡಿಸಿದವರು ಸ್ಟೀವಿ ವಂಡರ್. ಬೇಸ್ ಗಿಟಾರ್ ಹಿಡಿದವರು ಇದನ್ನು ಒಮ್ಮೆ ಗಮನವಿಟ್ಟು ಕೇಳಿದರೆ ಸಾಕು, ಒಳಗೊಂದು ಆಸೆ ಮೊಳೆಯುತ್ತದೆ: ಈ ನಾದ ನಮ್ಮ ನಾಲ್ಕು ತಂತಿಗಳಿಂದ ಹೊರಟೀತೇ? ಒಂದು ಸಿಂತ್ ಕೊಂಡರೆ ಆಯಿತಲ್ಲ ಎನ್ನುವವರಿಗೆ ಈ ಆಸೆ ಅರ್ಥವಾಗುವುದು ಕಷ್ಟ. ತಂತಿ ಮೀಟುವ ಬೆರಳಿನಿಂದಲೇ ಆ ನಾದ ಹುಟ್ಟಬೇಕು ಎನ್ನುವುದು ಇಲ್ಲಿನ ಹಟ. ಸುಖವೂ ಅದರಲ್ಲೇ ಇದೆ.

ಮಿನಿಮೂಗ್ ಬಂದದ್ದು 1970ರಲ್ಲಿ. ಅದಕ್ಕೂ ಮೊದಲು ಮೂಗ್ ಸಿಂತಸೈಜರ್ ಎಂದರೆ ಕಪಾಟಿನಷ್ಟು ದೊಡ್ಡ ಯಂತ್ರ, ಮೈತುಂಬ ಸಿಕ್ಕಿಸಿದ ವೈರುಗಳು. ರಾಬರ್ಟ್ ಮೂಗ್ ಅವರ ಸಂಸ್ಥೆ ಅದನ್ನು ಒಬ್ಬರೇ ಎತ್ತಿಕೊಂಡು ವೇದಿಕೆ ಹತ್ತಬಹುದಾದ ಪೆಟ್ಟಿಗೆಗೆ ಇಳಿಸಿತು. ಒಳಗೆ ನಾದ ಹುಟ್ಟಿಸುವ ಮೂರು ಆಸಿಲೇಟರ್, ಆ ನಾದವನ್ನು ಸೋಸುವ ಒಂದು ಫಿಲ್ಟರ್, ದನಿ ಹೇಗೆ ಏರಬೇಕು ಹೇಗೆ ಇಳಿಯಬೇಕು ಎಂದು ನಿರ್ಧರಿಸುವ ಎನ್ವಲಪ್‌ಗಳು. ಲ್ಯಾಡರ್ ಫಿಲ್ಟರ್ ಎಂದು ಹೆಸರಾದ ಆ ಫಿಲ್ಟರಿಗೆ ಮೂಗ್ ಅವರು 1969ರಲ್ಲೇ ಪೇಟೆಂಟ್ ಪಡೆದಿದ್ದರು. ಒಂದು ಮಿತಿಗಿಂತ ಮೇಲಿನ ನಾದಾಂಶಗಳನ್ನು ಅದು ಸ್ಥಾಯಿಗೆ 24 ಡೆಸಿಬೆಲ್‌ನಂತೆ ತಗ್ಗಿಸುತ್ತದೆ. ಹೊಳಪು ಮಾಯವಾಗಿ ತಿರುಳು ಉಳಿಯುವುದು ಇದರಿಂದ.

ಆ ದಶಕದಲ್ಲಿ ಈ ಪೆಟ್ಟಿಗೆ ಬೇಸ್ ವಾದಕರ ಜಾಗಕ್ಕೇ ಬಂದು ಕೂತಿತು. ಪಾರ್ಲಿಮೆಂಟ್ ತಂಡದ ಕಥೆ ನೋಡಿ. ಫಂಕ್ ಲೋಕದ ದೊಡ್ಡ ಬೇಸ್ ವಾದಕ ಬೂಟ್ಸಿ ಕಾಲಿನ್ಸ್ ಆ ಬಳಗದಲ್ಲೇ ಇದ್ದರು. ಆದರೂ 1977ರ ಆಲ್ಬಮ್‌ನ ‘ಫ್ಲ್ಯಾಶ್ ಲೈಟ್’ ಹಾಡಿನ ಬೇಸ್ ಬರ್ನಿ ವೊರೆಲ್ ಅವರ ಮಿನಿಮೂಗ್‌ನಿಂದ ಬಂತು. ಆ ಸಾಲನ್ನು ಕೇಳಿದ ಮೇಲೆ ಇದು ಬೇರೆ ಹೇಗೂ ಇರಲಾರದು ಅನ್ನಿಸುತ್ತದೆ. ಅಷ್ಟು ಭರ್ತಿ, ಅಷ್ಟು ತುಂಟತನ. ಐದು ವರ್ಷ ಕಳೆದು ಮೈಕಲ್ ಜಾಕ್ಸನ್ ‘ಥ್ರಿಲ್ಲರ್’ ಹಾಡಿದಾಗ ಅದರ ಬೇಸ್ ಕೂಡ ಸಿಂತ್‌ನದೇ.

ರೋಲ್ಯಾಂಡ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 80ರ ದಶಕದ ಆರಂಭದಲ್ಲಿ ಬಂದ ಟಿಬಿ-303 ಎಂಬ ಬೆಳ್ಳಿಬಣ್ಣದ ಪುಟ್ಟ ಯಂತ್ರವನ್ನು ಮಾಡಿದ್ದೇ ಬೇಸ್ ವಾದಕರಿಲ್ಲದ ಗಿಟಾರ್ ವಾದಕರ ಅಭ್ಯಾಸಕ್ಕೆ ಜೊತೆಯಾಗಲೆಂದು. ಅದರ ದನಿ ಬೇಸ್ ಗಿಟಾರಿನಂತೆ ಕೇಳಲೇ ಇಲ್ಲ. ಮಾರಾಟ ಸೋತು 1984ರಲ್ಲಿ ತಯಾರಿಕೆ ನಿಂತಿತು. ಆಮೇಲೆ ಶಿಕಾಗೊದ ಹುಡುಗರು ಹಳೆಯ ಸರಕಾಗಿ ಅದನ್ನು ಅಗ್ಗಕ್ಕೆ ಕೊಂಡು, ನಾಬ್‌ಗಳನ್ನು ಮನಬಂದಂತೆ ತಿರುಗಿಸಿ, ಕಿರುಗುಟ್ಟುವ ಹೊಸ ನಾದವನ್ನೇ ಎಬ್ಬಿಸಿದರು. 1987ರ ‘ಆ್ಯಸಿಡ್ ಟ್ರ್ಯಾಕ್ಸ್’ ಅದರ ಫಲ. ಅದಕ್ಕೂ ಮೊದಲೇ, 1982ರಲ್ಲಿ, ಮುಂಬೈಯ ಚರಣ್‌ಜಿತ್ ಸಿಂಗ್ ಇದೇ 303 ಬಳಸಿ ಲಲಿತ್, ತೋಡಿಗಳಂಥ ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಹತ್ತು ರಾಗಗಳ ಒಂದು ರೆಕಾರ್ಡ್ ಹೊರತಂದಿದ್ದರು. ಆಗ ಯಾರೂ ಅದನ್ನು ಅಷ್ಟಾಗಿ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಕಿವಿ ನಿಮಿರಿಸಿತು. ಸಿಂಗ್ ಅವರು ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ಗಿಟಾರ್, ಬೇಸ್ ಗಿಟಾರ್ ನುಡಿಸುತ್ತಿದ್ದವರು ಎನ್ನುವುದನ್ನು ಇಲ್ಲಿ ಮರೆಯಬಾರದು. ಬೇಸ್ ತಂತಿಯ ಮೇಲೆ ಪಳಗಿದ ಕೈ ಯಂತ್ರದ ಬೇಸ್ ಕಡೆಗೆ ಹೊರಳಿದ್ದಕ್ಕೆ ನಮ್ಮಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗುವುದಿಲ್ಲ.

ಈಗ ಪ್ರಯಾಣ ತಿರುಗುಮುರುಗು: ಯಂತ್ರದ ದನಿಯನ್ನು ತಂತಿಗೆ ತರುವುದು. ಅದಕ್ಕೆ ಮೊದಲು ತಂತಿಯ ಸ್ವಭಾವ ತಿಳಿಯಬೇಕು. ಮೀಟಿದ ಕ್ಷಣ ತಂತಿಯಿಂದ ಟಕ್ ಎಂಬ ಹೊಳಪಿನ ಸದ್ದು ಎದ್ದು, ಮರುಗಳಿಗೆಯೇ ನಾದ ಕುಗ್ಗತೊಡಗುತ್ತದೆ. ದಪ್ಪ ತಂತಿ ಬಿರುಸಾಗಿರುವುದರಿಂದ ಮೂಲ ಸ್ವರದ ಜೊತೆ ಮೇಲೇಳುವ ಅನುಸ್ವರಗಳು (ಓವರ್‌ಟೋನ್) ಲೆಕ್ಕಕ್ಕಿಂತ ತುಸು ಏರಿಯೇ ಇರುತ್ತವೆ. ಆಸಿಲೇಟರಿಗೆ ಇದಾವುದೂ ಇಲ್ಲ. ಕೀಲಿ ಒತ್ತಿರುವಷ್ಟು ಹೊತ್ತೂ ಅದು ಒಂದೇ ಸಮನೆ ನುಡಿಯುತ್ತದೆ, ಬಿಟ್ಟರೆ ಕತ್ತರಿಸಿದಂತೆ ನಿಲ್ಲಬಲ್ಲದು. ಮಿನಿಮೂಗ್‌ನ ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ದನಿ ಅಷ್ಟೇ. ಆದ್ದರಿಂದ ಮೊದಲ ಕೆಲಸ ದನಿ ಬದಲಿಸುವ ಪೆಡಲ್ ಕೊಳ್ಳುವುದಲ್ಲ, ತಂತಿಯ ಮಾತುಗಾರಿಕೆಯನ್ನು ತಗ್ಗಿಸುವುದು. ಕುತ್ತಿಗೆಯ ಹತ್ತಿರದ ಪಿಕಪ್, ಪೂರ್ತಿ ಇಳಿಸಿದ ಟೋನ್ ನಾಬ್, ಬ್ರಿಜ್ ಬಳಿ ತಂತಿಗಳ ಅಡಿಗೆ ತುರುಕಿದ ಒಂದು ತುಂಡು ಸ್ಪಂಜು. ಇಷ್ಟಕ್ಕೇ ಗಿಟಾರ್ ಅರ್ಧ ದಾರಿ ನಡೆದಿರುತ್ತದೆ.

ಆಮೇಲೆ ಆಕ್ಟೇವರ್. ಈ ಹವ್ಯಾಸದ ಜೀವ ಇರುವುದು ಇದರಲ್ಲೇ.

ಬಾಸ್ ಕಂಪನಿಯ ಓಸಿ-2 ಎಂಬ ಕಂದುಬಣ್ಣದ ಪೆಡಲ್ 1982ರಲ್ಲಿ ಬಂದು 2003ರವರೆಗೆ ತಯಾರಾಯಿತು. ಅದರೊಳಗಿನ ಸರ್ಕ್ಯೂಟ್ ತಂತಿಯ ಕಂಪನವನ್ನು ಎಣಿಸುತ್ತದೆ. ಮೆಟ್ಟಿಲು ಹತ್ತುವವರು ಒಂದು ಬಿಟ್ಟು ಒಂದರ ಮೇಲೆ ಕಾಲಿಡುವಂತೆ, ಎರಡು ಕಂಪನಕ್ಕೆ ಒಂದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೀಗೆ ನಾದ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಇನ್ನೊಮ್ಮೆ ಭಾಗಿಸಿದರೆ ಎರಡು ಸ್ಥಾಯಿ. ಇರುವುದು ಮೂರೇ ನಾಬ್: ಎರಡು ಸ್ಥಾಯಿ ಕೆಳಗಿನ ದನಿಗೆ ಒಂದು, ಒಂದು ಸ್ಥಾಯಿ ಕೆಳಗಿನದಕ್ಕೆ ಒಂದು, ಮೂಲ ತಂತಿಯ ದನಿಗೆ ಒಂದು. ಮೂಲ ದನಿಯನ್ನು ಸೊನ್ನೆಗೆ ಇಳಿಸಿ, ಒಂದು ಸ್ಥಾಯಿ ಕೆಳಗಿನದನ್ನು ಮಾತ್ರ ಪೂರ್ತಿ ಏರಿಸಿ ಒಂದು ಸ್ವರ ಮೀಟಿದರೆ ಮೈ ಜುಮ್ಮೆನ್ನುತ್ತದೆ. ಮೀಟಿದ ಸದ್ದು ಹಿಂದೆ ಸರಿದು, ದುಂಡಗಿನ, ನುಣುಪಾದ, ತುಸು ಮಬ್ಬಾದ ನಾದವೊಂದು ಸ್ಪೀಕರ್ ತುಂಬಿ ಬರುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಕೀಬೋರ್ಡ್ ಎಂದೇ ನಂಬಬಹುದು. ಡೇವಿಡ್ ಬೋವಿಯವರ ಕೊನೆಯ ಆಲ್ಬಮ್ ‘ಬ್ಲ್ಯಾಕ್‌ಸ್ಟಾರ್’ಗೆ ಬೇಸ್ ನುಡಿಸಿದ ಟಿಮ್ ಲೆಫೆಬ್ವರ್ ತಮ್ಮ ಶೈಲಿಯ ಒಂದು ದೊಡ್ಡ ಪಾಲನ್ನು ಇಂಥ ಆಕ್ಟೇವರ್ ದನಿಯ ಮೇಲೆ ಕಟ್ಟಿಕೊಂಡವರು. ನಿಂತುಹೋದ ಈ ಪೆಡಲಿಗೆ ಇಂದಿಗೂ ಬೇಡಿಕೆ ಇದೆ, ಅದನ್ನು ಮಾದರಿಯಾಗಿಟ್ಟುಕೊಂಡು ಹೊಸವೂ ಬಂದಿವೆ.

ಆದರೆ ಆಕ್ಟೇವರ್ ಶಿಸ್ತು ಕೇಳುತ್ತದೆ. ಅದಕ್ಕೆ ಒಮ್ಮೆಗೆ ಒಂದೇ ಸ್ವರ ಬೇಕು. ಪಕ್ಕದ ತಂತಿ ಸಣ್ಣಗೆ ಮಿಡಿದರೂ ಎಣಿಕೆ ತಪ್ಪಿ ದನಿ ತೊದಲುತ್ತದೆ. ತೀರ ಕೆಳಗಿನ ಸ್ವರಗಳಲ್ಲೂ ಅದಕ್ಕೆ ತ್ರಾಸ. ಬೇಸ್‌ನ ಬಿಡಿ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ ಒಂದು ಕಂಪನಕ್ಕೆ 24 ಮಿಲಿಸೆಕೆಂಡ್ ಬೇಕು. ಎ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿದರೆ 110 ಕಂಪನ, ಒಂದಕ್ಕೆ 9 ಮಿಲಿಸೆಕೆಂಡ್. ಎಣಿಸುವ ಸರ್ಕ್ಯೂಟಿಗೆ ಎರಡನೆಯದು ಎಷ್ಟೋ ಹಗುರ. ಆದ್ದರಿಂದ ಬಲ್ಲವರು ಸಾಲನ್ನು ಕತ್ತಿನ ಮೇಲ್ಭಾಗದಲ್ಲಿ, ಒಂದು ಸ್ಥಾಯಿ ಏರಿಸಿ ನುಡಿಸುತ್ತಾರೆ. ಪೆಡಲ್ ಅದನ್ನು ಇರಬೇಕಾದಲ್ಲಿಗೆ ಇಳಿಸುತ್ತದೆ. ನುಡಿಸುವುದು ಮಧ್ಯದಲ್ಲಿ, ಕೇಳುವುದು ಮಂದ್ರದಲ್ಲಿ. ಕೈಗೂ ಕಿವಿಗೂ ನಡುವಿನ ಈ ಹೊಸ ಒಪ್ಪಂದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಕಾಲ ಹಿಡಿಯುತ್ತದೆ, ಒಗ್ಗಿದ ಮೇಲೆ ಬಿಡಲು ಮನಸ್ಸಾಗುವುದಿಲ್ಲ.

ಬರೀ ಆಕ್ಟೇವರ್ ದುಂಡಗಿನ ದನಿ ಕೊಡುತ್ತದೆ, ಮೂಗ್‌ನ ಗರಗರ ಕೊಡುವುದಿಲ್ಲ. ಅದಕ್ಕೆ ಫಜ್ ಬೇಕು. ಫಜ್ ಪೆಡಲ್ ಅಲೆಯ ತಲೆಯನ್ನೂ ಬುಡವನ್ನೂ ಒರಟಾಗಿ ಕತ್ತರಿಸಿ ಚೌಕಾಕಾರಕ್ಕೆ ಹತ್ತಿರ ತರುತ್ತದೆ. ಚೌಕ ಅಲೆಯಲ್ಲಿ ಬೆಸಸಂಖ್ಯೆಯ ಅನುಸ್ವರಗಳು ಮಾತ್ರ. ಟೊಳ್ಳು ಬಿದಿರಿನೊಳಗಿಂದ ಬಂದಂಥ ಗುಣ ಅದಕ್ಕೆ ಬರುವುದು ಹಾಗೆ. ಇನ್ನೊಂದು ಲಾಭವೂ ಉಂಟು. ಫಜ್ ಸ್ವರವನ್ನು ಹಿಗ್ಗಿಸಿ ಹಿಡಿಯುತ್ತದೆ, ಕುಗ್ಗುವ ತಂತಿ ಕುಗ್ಗದಂತೆ ಕೇಳುತ್ತದೆ. ಸಿಂತ್‌ಗೆ ಬೇಕಾದದ್ದೂ ಅದೇ.

ಕೊನೆಗೆ ಫಿಲ್ಟರ್, ಅದೂ ಬೆರಳಿನ ಒತ್ತಡಕ್ಕೆ ತೆರೆದುಕೊಳ್ಳುವ ಎನ್ವಲಪ್ ಫಿಲ್ಟರ್. ಇದರ ಹಿರಿಯ 1972ರ ಮ್ಯೂ-ಟ್ರಾನ್ 3, ಮೈಕ್ ಬೈಗಲ್ ಅವರ ಕೈಯ ಕೆಲಸ. ಸ್ಟೀವಿಯವರ ‘ಹೈಯರ್ ಗ್ರೌಂಡ್’ನಲ್ಲಿ ಕ್ಲಾವಿನೆಟ್ ಕೀಬೋರ್ಡ್ ‘ವಾಕ್ ವಾಕ್’ ಎನ್ನುವುದು ಇದರಿಂದ. ಬೂಟ್ಸಿಯವರ ಬೇಸ್‌ಗೂ ಇದೇ ಗುರುತಾಯಿತು. 1998ರಲ್ಲಿ ಮೂಗ್ ಅವರೇ ತಮ್ಮ ಲ್ಯಾಡರ್ ಫಿಲ್ಟರನ್ನು ಮರದ ಅಂಚಿನ ಪೆಟ್ಟಿಗೆಗೆ ಹಾಕಿ ಮೂಗರ್‌ಫೂಗರ್ ಹೆಸರಿನಲ್ಲಿ ಕೊಟ್ಟಾಗ, ಮಿನಿಮೂಗ್‌ನ ಗಂಟಲೇ ಬೇಸ್ ವಾದಕರ ಕಾಲ ಬಳಿಗೆ ಬಂದಂತಾಯಿತು.

ಇಲ್ಲೊಂದು ತೊಡಕು ಎದುರಾಗುತ್ತದೆ. ಫಿಲ್ಟರ್ ತೆರೆಯಬೇಕಾದರೆ ಅದಕ್ಕೆ ದನಿಯ ಏರಿಳಿತ ಬೇಕು. ಫಜ್ ಆ ಏರಿಳಿತವನ್ನೇ ಸಪಾಟು ಮಾಡಿಬಿಡುತ್ತದೆ. ಫಿಲ್ಟರ್ ಮೊದಲು, ಫಜ್ ಆಮೇಲೆ ಎಂದು ಜೋಡಿಸಿದರೆ ಸೋಸಿದ ದನಿ ಮತ್ತೆ ಕೆರೆದುಹೋಗುತ್ತದೆ. ಸಿಂತ್‌ನಲ್ಲಿ ಕ್ರಮ ಹಾಗಿಲ್ಲ, ಮೊದಲು ಒರಟು ಅಲೆ, ನಂತರ ಫಿಲ್ಟರ್. ಎಲೆಕ್ಟ್ರೊ-ಹಾರ್ಮೋನಿಕ್ಸ್‌ನ ಕ್ಯೂ-ಟ್ರಾನ್ ಪ್ಲಸ್ ಇದನ್ನು ಚೆಂದವಾಗಿ ಬಿಡಿಸಿದೆ. ಬೆರಳಿನ ಒತ್ತಡವನ್ನು ಅದು ಶುದ್ಧ ತಂತಿಯ ದನಿಯಲ್ಲೇ ಅಳೆದುಕೊಳ್ಳುತ್ತದೆ, ಆಮೇಲೆ ದನಿಯನ್ನು ಹೊರಗಿನ ಫಜ್‌ಗೆ ಕಳಿಸಿ, ಮರಳಿ ಬಂದದ್ದನ್ನು ಸೋಸುತ್ತದೆ. ಈ ಜೋಡಣೆಯಲ್ಲಿ ಮೊದಲ ಸ್ವರ ಮೀಟಿದವರು ಆ ದಿನ ಬೇರೇನನ್ನೂ ನುಡಿಸುವುದಿಲ್ಲ.

ಪೆಡಲ್‌ಗಳ ಮಾತು ಎಷ್ಟು ಆಡಿದರೂ ಕಡೆಗೆ ಉಳಿಯುವುದು ಕೈಯ ಕೆಲಸ. ಬೇಸ್ ಕಲಿಯುವವರು ಸ್ವರದ ಹುಟ್ಟಿಗೆ ಕೊಡುವ ಗಮನವನ್ನು ಅದರ ಸಾವಿಗೆ ಕೊಡುವುದಿಲ್ಲ. ಸಿಂತ್ ದನಿ ಬೇಕೆಂದವರು ಅಲ್ಲಿಂದಲೇ ಶುರುಮಾಡಬೇಕು. ಎಡಗೈ ಬೆರಳನ್ನು ಫ್ರೆಟ್‌ನಿಂದ ತುಸು ಸಡಿಲಿಸಿ, ತಂತಿಗೆ ತಾಗಿಸಿಯೇ ಇಟ್ಟು ಸ್ವರವನ್ನು ಗಕ್ಕನೆ ನಿಲ್ಲಿಸುವುದು. ಎರಡು ಸ್ವರಗಳ ನಡುವಿನ ಮೌನವನ್ನೂ ತಾಳಕ್ಕೆ ಕೂರಿಸುವುದು. ‘ಫ್ಲ್ಯಾಶ್ ಲೈಟ್’ನ ಕುಣಿತದ ಅರ್ಧಭಾಗ ಆ ಮೌನಗಳದ್ದು.

ಇನ್ನೊಂದು ಸೂಕ್ಷ್ಮ ಇದೆ. ಮಿನಿಮೂಗ್‌ನಲ್ಲಿ ಒಂದು ಕೀಲಿ ಬಿಡದೆ ಇನ್ನೊಂದಕ್ಕೆ ಹೋದರೆ ಶ್ರುತಿ ಬದಲಾಗುತ್ತದೆ, ಎನ್ವಲಪ್ ಹೊಸದಾಗಿ ಚಾಲೂ ಆಗುವುದಿಲ್ಲ. ತಂತಿಯ ಮೇಲೆ ಇದಕ್ಕೆ ಸಮ ಹ್ಯಾಮರ್-ಆನ್: ಬಲಗೈ ಮೀಟದೆ ಎಡಗೈ ಬೆರಳನ್ನೇ ಬಡಿದು ಮುಂದಿನ ಸ್ವರ ಹುಟ್ಟಿಸುವುದು. ಮೀಟಿದ ಸ್ವರಕ್ಕೆ ಫಿಲ್ಟರ್ ಬಾಯಿ ತೆರೆಯುತ್ತದೆ, ಬಡಿದ ಸ್ವರಕ್ಕೆ ಅರೆತೆರೆದೇ ಉಳಿಯುತ್ತದೆ. ಮೂಗ್‌ನ ಗ್ಲೈಡ್‌ಗೆ, 303ರ ಸ್ಲೈಡ್‌ಗೆ ತಂತಿಯ ಮೇಲಿನ ಜಾರು ಇದ್ದೇ ಇದೆ. ವೀಣೆ ಕೇಳಿ ಬೆಳೆದ ಕಿವಿಗೆ ಅದನ್ನು ವಿವರಿಸಬೇಕಿಲ್ಲ. ಮತ್ತು ಇಲ್ಲೇ ತಂತಿ ಯಂತ್ರವನ್ನು ಮೀರುವುದೂ. ಎಲ್ಲ ಒತ್ತಿಗೂ ಒಂದೇ ದನಿ ಕೊಡುವ ಮಿನಿಮೂಗ್‌ನ ಕೀಲಿಗೆ ತಿಳಿಯದ್ದು ಬೆರಳಿಗೆ ತಿಳಿಯುತ್ತದೆ: ಮೆಲ್ಲಗೆ ಮೀಟಿದರೆ ಗೊಣಗು, ಜೋರಾಗಿ ಮೀಟಿದರೆ ಕೂಗು, ಒಂದೇ ಸಾಲಿನೊಳಗೆ ಎರಡೂ.

ಮೂರು ಆಸಿಲೇಟರುಗಳ ಮೆರುಗು ತರುವುದು ಮಾತ್ರ ಬಹಳ ನಾಜೂಕಿನ ಕೆಲಸ. ಅವುಗಳನ್ನು ಕೂದಲೆಳೆಯಷ್ಟು ಬೇರೆ ಶ್ರುತಿಗೆ ಇಟ್ಟರೆ ದನಿ ನಿಧಾನ ಅಲೆಯತೊಡಗುತ್ತದೆ. 110 ಮತ್ತು 110.5 ಕಂಪನಗಳು ಒಟ್ಟಿಗೆ ನುಡಿದಾಗ ಎರಡು ಸೆಕೆಂಡಿಗೊಮ್ಮೆ ಒಂದು ಉಬ್ಬರ. ತಂತಿಗೆ ಇದನ್ನು ಕೋರಸ್ ಪೆಡಲ್ ಕೊಡುತ್ತದೆ. ಮೇಲಿನ ದನಿಗಷ್ಟೇ ಕೋರಸ್ ಬೆರೆಸಿ ತಳದ ದನಿಯನ್ನು ಮುಟ್ಟದೆ ಬಿಡುವುದು ಒಳ್ಳೆಯದು. ತಳ ಅಲ್ಲಾಡಿದರೆ ಡ್ರಮ್‌ನ ಜೊತೆಗಿನ ಕಟ್ಟು ಸಡಿಲವಾಗುತ್ತದೆ.

ಇಷ್ಟೆಲ್ಲ ಜೋಡಿಸುವ ತಾಳ್ಮೆ ಇಲ್ಲದವರಿಗೆ ಒಂದೇ ಪೆಟ್ಟಿಗೆಯಲ್ಲಿ ಎಲ್ಲವೂ ಸಿಗುತ್ತದೆ. ಎಲೆಕ್ಟ್ರೊ-ಹಾರ್ಮೋನಿಕ್ಸ್‌ನ ಬೇಸ್ ಮೈಕ್ರೋ ಸಿಂತಸೈಜರ್‌ನಲ್ಲಿ ಕೆಳಸ್ಥಾಯಿ, ಮೇಲ್ಸ್ಥಾಯಿ, ಚೌಕ ಅಲೆ, ಫಿಲ್ಟರ್ ಎಲ್ಲಕ್ಕೂ ಸಾಲಾಗಿ ಸ್ಲೈಡರ್‌ಗಳಿವೆ. ಅಕಾಯ್ ಕಂಪನಿಯ ಡೀಪ್ ಇಂಪ್ಯಾಕ್ಟ್ ಇನ್ನೂ ಮುಂದಿನದು. ತಯಾರಿಕೆ ನಿಂತ ಮೇಲೂ ಅದನ್ನು ಹುಡುಕುವವರು ಕಡಿಮೆಯಾಗಲಿಲ್ಲ. ದನಿಯಲ್ಲಿ ಇವು ಯಾವುದಕ್ಕೂ ಕಡಿಮೆಯಲ್ಲ. ಆದರೂ ಬಿಡಿ ಪೆಡಲ್‌ಗಳ ಜೋಡಣೆಗೇ ಒಲವು ಹೆಚ್ಚು, ಯಾಕೆಂದರೆ ಸಿಂತ್‌ನ ಒಂದೊಂದು ಭಾಗವೂ ಏನು ಮಾಡುತ್ತದೆ ಎಂದು ಪಾದದ ಬುಡದಲ್ಲೇ ಗೊತ್ತಾಗುತ್ತ ಹೋಗುತ್ತದೆ.

ಪಳಗಿದವರ ಮುಂದೆ ಕೊನೆಗೆ ನಿಲ್ಲುವ ಬೆಟ್ಟ 1977ರ ‘ಐ ಫೀಲ್ ಲವ್’. ಜಾರ್ಜೊ ಮೊರೊಡರ್ ಬಳಗ ದೊಡ್ಡ ಮೂಗ್ ಯಂತ್ರಕ್ಕೆ ಸ್ವರಗಳನ್ನು ಸರದಿಯಂತೆ ತಾನೇ ನುಡಿಸುವ ಸೀಕ್ವೆನ್ಸರ್ ಕಟ್ಟಿ ಮಾಡಿದ ಹಾಡು ಅದು. ಡೊನಾ ಸಮರ್ ಅವರ ದನಿಯ ಕೆಳಗೆ ಬೇಸ್ ಎಡೆಬಿಡದೆ ಓಡುತ್ತದೆ. ಆ ವೇಗದ ಗುಟ್ಟು ಡಿಲೇ. ಯಂತ್ರ ನುಡಿಸಿದ್ದು ಒಂದು ಬಡಿತಕ್ಕೆ ಎರಡು ಸ್ವರ. ಪ್ರತಿ ಸ್ವರದ ಪ್ರತಿಧ್ವನಿ ಸರಿಯಾಗಿ ನಡುವಿನ ಖಾಲಿಗೆ ಬಂದು ಬಿದ್ದು ನಾಲ್ಕಾಯಿತು. ಬೇಸ್ ಗಿಟಾರಿನಲ್ಲೂ ಇದೇ ಉಪಾಯ ನಡೆಯುತ್ತದೆ. ನಿಮಿಷಕ್ಕೆ 125 ಬಡಿತದ ವೇಗ ಹಿಡಿದರೆ ಡಿಲೇ ಪೆಡಲನ್ನು 120 ಮಿಲಿಸೆಕೆಂಡಿಗೆ, ಒಂದೇ ಪ್ರತಿಧ್ವನಿಗೆ ಇಟ್ಟು, ಅದನ್ನು ಮೂಲ ದನಿಯಷ್ಟೇ ಜೋರಾಗಿಸಬೇಕು. ಮೀಟು ಮೊಟಕಾಗಿರಬೇಕು, ಇಲ್ಲವಾದರೆ ಸ್ವರ ತನ್ನ ಪ್ರತಿಧ್ವನಿಯನ್ನೇ ತುಳಿಯುತ್ತದೆ. ಕೈ ಕೂದಲಷ್ಟು ಮುಂದೋಡಿದರೂ ನಾಲ್ಕರ ಓಟ ಕುಂಟುತ್ತದೆ. ತೋರುಬೆರಳು, ನಡುಬೆರಳು ಸರದಿಯಲ್ಲಿ, ಒಂದೇ ಒತ್ತಡದಲ್ಲಿ, ಹಾಡಿನ ಉದ್ದಕ್ಕೂ. ಒಂದೆರಡು ನಿಮಿಷಕ್ಕೆ ಮುಂಗೈ ಬಿಗಿಯತೊಡಗುತ್ತದೆ. ಪೂರ್ಣ ಆವೃತ್ತಿ ಐದೂವರೆ ನಿಮಿಷಕ್ಕೂ ಹೆಚ್ಚು.