ಎಣ್ಣೆ ಎಲ್ಲಿ, ಹಿಡಿತ ಎಲ್ಲಿ

ಎಂಟನೇ ತರಗತಿಯ ‘ಘರ್ಷಣೆ’ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕೊಂಡೊಯ್ಯುವ ಉದಾಹರಣೆಗಳು ಬಾಳೆಹಣ್ಣಿನ ಸಿಪ್ಪೆ, ಸವೆದ ಚಪ್ಪಲಿ ಮತ್ತು ಕೇರಂ ಬೋರ್ಡಿನ ಪೌಡರ್. ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕೆ.ಆರ್. ಪುರಂ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಪೂರ್ವಜ್ಞಾನ ತಿಳಿಯಲೆಂದು ಮನೆಯವರ ಕೆಲಸದ ಬಗ್ಗೆ ಕೇಳಿದಾಗ, ಹಲವರು ಅಮ್ಮ ‘ಗಾರ್ಮೆಂಟ್ಸ್‌ಗೆ ಹೋಗ್ತಾರೆ’ ಅಂದರು. ಕೆಲವರು ‘ಮನೇಲೇ ಬ್ಲೌಸ್ ಹೊಲೀತಾರೆ’ ಅಂದರು. ಅಂದೇ ನನ್ನ ಪಾಠಯೋಜನೆಯ ಬೋಧನೋಪಕರಣ ಹೊಲಿಗೆ ಯಂತ್ರವಾಯಿತು. ಶಾಲೆಯ ಕೋಣೆಯಲ್ಲಿ, ಹಿಂದೆ ಹೊಲಿಗೆ ತರಗತಿಗೆಂದು ತಂದಿದ್ದ ಹಳೆಯ ಕಾಲು ಮಷಿನ್ ಒಂದಿತ್ತು.

ಅದರ ಚರ್ಮದ ಬೆಲ್ಟ್ ಹರಿದಿತ್ತು. ಹೊಸದನ್ನು ತರಲು ಶಿವಾಜಿನಗರಕ್ಕೆ ಹೋದೆ. ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಓಣಿಯಲ್ಲಿ ಮಷಿನ್ ರಿಪೇರಿ ಮಾಡುವ ಹಿರಿಯರೊಬ್ಬರು ಬೆಲ್ಟ್ ಕೊಟ್ಟು ಒಂದು ಮಾತು ಹೇಳಿದರು: “ಎಣ್ಣೆ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಬಿಡಿ ಮೇಡಂ. ಬೆಲ್ಟ್ ಮೇಲೆ ಬಿದ್ರೆ ಚಕ್ರ ತಿರುಗುತ್ತೆ, ಮಷಿನ್ ತಿರುಗಲ್ಲ.” ಘರ್ಷಣೆ ಉಪಕಾರಿಯೂ ಹೌದು, ಅಪಕಾರಿಯೂ ಹೌದು ಎಂದು ಪಠ್ಯಪುಸ್ತಕ ಹೇಳುವುದನ್ನೇ ಅವರು ಎರಡು ವಾಕ್ಯದಲ್ಲಿ ಹೇಳಿದ್ದರು. ದಂಡಗಳು ತಿರುಗುವ ಕಡೆ ಘರ್ಷಣೆ ಕಡಿಮೆಯಾಗಬೇಕು, ಬೆಲ್ಟ್ ಚಕ್ರವನ್ನು ಹಿಡಿಯುವ ಕಡೆ ಅದು ಇರಲೇಬೇಕು. ಈ ಯಂತ್ರದಲ್ಲಿ ಕಾಲಕಾಲಕ್ಕೆ ಆದ ಹಲವು ಸುಧಾರಣೆಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು ಎಂದು ನನಗೆ ಹೊಳೆದದ್ದು ಅಲ್ಲಿಯೇ.

ತರಗತಿಯಲ್ಲಿ ದಾರ ಹಾಕದೆ, ಬಟ್ಟೆಯ ಬದಲು ಕಾಗದ ಇಟ್ಟೆವು. ಕೈಚಕ್ರವನ್ನು ನಾನೇ ನಿಧಾನವಾಗಿ ತಿರುಗಿಸಿದೆ, ಮಕ್ಕಳು ಸೂಜಿಯಿಂದ ದೂರ ನಿಂತು ನೋಡಿದರು. ಪಾದ ಕೆಳಗಿಳಿಸಿದ್ದಾಗ ಕಾಗದದಲ್ಲಿ ಸಮ ಅಂತರದ ತೂತುಗಳ ಸಾಲು ಬಂತು. ಪಾದ ಎತ್ತಿದಾಗ ಕೆಳಗಿನ ಹಲ್ಲು ಆಡುತ್ತಿದ್ದರೂ ಕಾಗದ ಕದಲಲಿಲ್ಲ, ಸೂಜಿ ಒಂದೇ ಜಾಗವನ್ನು ಚುಚ್ಚಿತು. ಪಾದದ ಮೇಲಿನ ತಿರುಪನ್ನು ಸಡಿಲಿಸಿ ಮತ್ತೆ ಇಳಿಸಿದಾಗ ತೂತುಗಳು ಒತ್ತೊತ್ತಾಗಿ, ಅಂಕುಡೊಂಕಾಗಿ ಬಿದ್ದವು. ಮೂರೂ ಕಾಗದಗಳನ್ನು ಕಪ್ಪುಹಲಗೆಗೆ ಅಂಟಿಸಿ, “ಏನು ಬದಲಾಯಿತು?” ಎಂದು ಕೇಳಿದೆ. “ಒತ್ತೋದು ಕಮ್ಮಿ ಆಯ್ತು ಮಿಸ್, ಅದಕ್ಕೇ ಜಾರ್ತಿದೆ” ಎಂದ ಹಿಂದಿನ ಬೆಂಚಿನ ಹುಡುಗ. ಮೇಲ್ಮೈಗಳು ಎಷ್ಟು ಬಲವಾಗಿ ಒತ್ತಿಕೊಂಡಿವೆಯೋ ಘರ್ಷಣೆ ಅಷ್ಟು ಹೆಚ್ಚು ಎಂಬ ಕಲಿಕಾಂಶವನ್ನು ನಾನು ಬರೆಸುವ ಮೊದಲೇ ತರಗತಿ ತಲುಪಿತ್ತು.

ಅದಾದ ಮೇಲೆ ಚರಿತ್ರೆಗೆ ಬಂದೆವು. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಬಟ್ಟೆಯನ್ನು ಮುಳ್ಳುಗಳಿದ್ದ ಒಂದು ಪಟ್ಟಿಗೆ ನೇತುಹಾಕಬೇಕಿತ್ತು. ಪಟ್ಟಿಯ ಉದ್ದ ಮುಗಿದ ಕೂಡಲೇ ಯಂತ್ರ ನಿಲ್ಲಿಸಿ ಬಟ್ಟೆಯನ್ನು ಮತ್ತೆ ಚುಚ್ಚಬೇಕು. 1851ರಲ್ಲಿ ಐಸಾಕ್ ಸಿಂಗರ್ ಬಟ್ಟೆಯನ್ನು ಮೇಜಿನ ಮೇಲೆ ಮಲಗಿಸಿ, ಸೂಜಿಯನ್ನು ನೇರವಾಗಿ ಮೇಲೆ ಕೆಳಗೆ ಆಡುವಂತೆ ಮಾಡಿದರು. ಬಟ್ಟೆಯನ್ನು ಒತ್ತಿಹಿಡಿಯಲು ಪಾದ, ಸರಿಸಲು ಕೆಳಗೊಂದು ಚಕ್ರ. 1854ರಲ್ಲಿ ಆಲೆನ್ ವಿಲ್ಸನ್ ಆ ಚಕ್ರದ ಜಾಗಕ್ಕೆ ಹಲ್ಲಿನ ಪಟ್ಟಿ ತಂದರು. ಅದಕ್ಕೆ ನಾಲ್ಕೇ ಚಲನೆ: ಮೇಲೇಳು, ಬಟ್ಟೆಯನ್ನು ಸರಿಸು, ಕೆಳಗಿಳಿ, ಮೊದಲಿನ ಜಾಗಕ್ಕೆ ಬಾ. ಹಲ್ಲು ಕೆಳಗಿರುವಾಗ ಬಟ್ಟೆಯ ಮೇಲೆ ಹಿಡಿತವಿಲ್ಲ, ಹಾಗಾಗಿ ಕಾಲರು, ಕಂಕುಳ ತಿರುವುಗಳಲ್ಲಿ ಬಟ್ಟೆಯನ್ನು ತಿರುಗಿಸಬಹುದು. ಬೇಕಾದ ಕ್ಷಣದಲ್ಲಿ ಹಿಡಿತ, ಬೇಡವಾದಾಗ ಬಿಡುಗಡೆ. ಇಂದಿನ ಯಂತ್ರಗಳಲ್ಲೂ ಬಟ್ಟೆ ಸರಿಯುವುದು ಬಹುಮಟ್ಟಿಗೆ ಹೀಗೆಯೇ.

“ರೆಗ್ಜಿನ್ ಬ್ಯಾಗ್ ಹೊಲಿಯುವಾಗ ಪಾದಕ್ಕೇ ಅಂಟ್ಕೊಳ್ಳುತ್ತೆ ಮಿಸ್, ಅಪ್ಪ ಬಿಳೀ ಪಾದ ಹಾಕ್ತಾರೆ” ಎಂದ ಇನ್ನೊಬ್ಬ. ಅದು ಟೆಫ್ಲಾನ್ ಪಾದ. ಕೆಳಗೆ ಹಲ್ಲು ಹಿಡಿಯಬೇಕು, ಮೇಲೆ ಪಾದ ಜಾರಬೇಕು. ಒಂದೇ ಬಟ್ಟೆಯ ಎರಡು ಬದಿಗೆ ಎರಡು ಬಗೆಯ ಘರ್ಷಣೆ. ನನ್ನ ಪಾಠಯೋಜನೆಯಲ್ಲಿ ಇಲ್ಲದ ಈ ಉದಾಹರಣೆ ಆ ದಿನದ ಅತ್ಯುತ್ತಮ ಉದಾಹರಣೆಯಾಯಿತು.

ಕೊನೆಗೆ ಕಾರ್ಖಾನೆಯ ಯಂತ್ರ. ಹಳೆಯ ಕ್ಲಚ್ ಮೋಟಾರು ಸ್ವಿಚ್ ಹಾಕಿದಾಗಿನಿಂದ ತಿರುಗುತ್ತಲೇ ಇರುತ್ತದೆ. ಪೆಡಲ್ ಒತ್ತಿದಾಗ ಒಳಗಿನ ಘರ್ಷಣೆಯ ಬಿಲ್ಲೆ ತಾಗಿ ಯಂತ್ರ ಓಡುತ್ತದೆ. ಈಗಿನ ಸರ್ವೋ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ಆದ್ದರಿಂದ ವಿದ್ಯುತ್ತೂ ಉಳಿತಾಯ, ಸದ್ದೂ ಕಡಿಮೆ. ನಾನು ಇಷ್ಟು ಹೇಳುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಅಮ್ಮನ ಲೈನಲ್ಲಿ ಹೊಸ ಮಷಿನ್ ಬಂತು ಮಿಸ್. ದಾರಾನೂ ಅದೇ ಕತ್ತರಿಸುತ್ತೆ. ಆದ್ರೆ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಜಾಸ್ತಿ ಮಾಡಿದ್ರಂತೆ. ಮಷಿನ್ ಸುಧಾರಿಸಿದ್ರೆ ಅಮ್ಮನಿಗೆ ಸುಸ್ತು ಕಮ್ಮಿ ಆಗ್ಬೇಕಲ್ವಾ?”

ತರಗತಿ ಸುಮ್ಮನಾಯಿತು. ಘರ್ಷಣೆಯ ಪಾಠದಲ್ಲಿ ಇದಕ್ಕೆ ಉತ್ತರವಿಲ್ಲ, ಆದರೆ ಪ್ರಶ್ನೆ ಪಾಠದ ಒಳಗಿನಿಂದಲೇ ಬಂದದ್ದು. ಫ್ರಾನ್ಸಿನ ತಿಮೋನಿಯೆ ಎಂಬ ದರ್ಜಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದು ಪ್ಯಾರಿಸ್ಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಸುತ್ತಿದ್ದುದನ್ನೂ, ತಮ್ಮ ಅನ್ನ ಹೋದೀತೆಂದು ಅಂಜಿದ ದರ್ಜಿಗಳು 1831ರಲ್ಲಿ ನುಗ್ಗಿ ಆ ಯಂತ್ರಗಳನ್ನು ಒಡೆದುದನ್ನೂ ಹೇಳಿದೆ. “ನಿನ್ನ ಪ್ರಶ್ನೆ ಈ ಯಂತ್ರದಷ್ಟೇ ಹಳೆಯದು. ಯಂತ್ರ ಉಳಿಸಿದ ಶ್ರಮ ಯಾರ ಪಾಲಿಗೆ ಹೋಗಬೇಕು ಅನ್ನೋದನ್ನ ಯಂತ್ರ ತೀರ್ಮಾನಿಸಲ್ಲ, ಜನ ತೀರ್ಮಾನಿಸ್ತಾರೆ” ಎಂದೆ. ಅವಳು ಒಪ್ಪಿದಳೋ ಇಲ್ಲವೋ, ಕೂತು ಅದನ್ನು ಬರೆದುಕೊಂಡಳು.

ಪಾಠ ವೀಕ್ಷಿಸಿದ ಮಾರ್ಗದರ್ಶಕರು, ಕೊನೆಯ ಚರ್ಚೆ ಸಮಾಜ ವಿಜ್ಞಾನಕ್ಕೆ ಸೇರಿದ್ದಲ್ಲವೇ ಎಂದು ಕೇಳಿದರು. ಮಕ್ಕಳು ಮನೆಯಲ್ಲಿ ಕಂಡದ್ದನ್ನು ಪೂರ್ವಜ್ಞಾನವೆಂದು ನಾವೇ ತರಗತಿಗೆ ಕರೆದ ಮೇಲೆ, ಅದರ ಜೊತೆಗೆ ಬರುವ ಪ್ರಶ್ನೆಯನ್ನು ಬಾಗಿಲ ಹೊರಗೆ ನಿಲ್ಲಿಸಲಾಗದು ಎಂಬುದು ನನ್ನ ಉತ್ತರವಾಗಿತ್ತು. ಈಗ ಯಾವುದೇ ಯಂತ್ರದ ಪಾಠಯೋಜನೆ ಬರೆದರೂ ಮೌಲ್ಯಮಾಪನದಲ್ಲಿ ಮೂರು ಪ್ರಶ್ನೆ ಇಡುತ್ತೇನೆ: ಈ ಭಾಗ ಯಾವ ತೊಂದರೆಯನ್ನು ನೀಗಿಸಿತು? ಹೇಗೆ ನೀಗಿಸಿತು? ಯಾರಿಗೆ ನೀಗಿಸಿತು?