ನಮ್ಮತ್ತ ಮುಖಮಾಡದ ದೀಪಗಳು

ಸ್ಯಾನ್ ಹೋಸೆಯ ಸುತ್ತಮುತ್ತ ನೆಲೆಸಿರುವ ನಮಗೆಲ್ಲ ಮೌಂಟ್ ಹ್ಯಾಮಿಲ್ಟನ್ ಶಿಖರದ ಬಿಳಿಯ ಗುಮ್ಮಟಗಳು ಪರಿಚಿತವೇ. ಮಳೆ ನಿಂತ ಮರುದಿನ ಆಕಾಶ ತಿಳಿಯಾದಾಗ ಕಚೇರಿಯ ದಾರಿಯಿಂದಲೇ ಅವು ಕಾಣುತ್ತವೆ. 1888ರಿಂದ ಕಾರ್ಯನಿರತವಾಗಿರುವ ಆ ಲಿಕ್ ವೀಕ್ಷಣಾಲಯಕ್ಕೆ ಊರಿನಿಂದ ಬಂದ ನೆಂಟರನ್ನು ಕರೆದೊಯ್ಯುವುದು ನಮ್ಮ ಮನೆಯ ವಾಡಿಕೆ. ಆದರೆ ಅಲ್ಲಿನ 76 ಸೆಂಟಿಮೀಟರ್ ವ್ಯಾಸದ ಸ್ವಯಂಚಾಲಿತ ದೂರದರ್ಶಕವೊಂದು ಬ್ಲೇಜಾರ್ ಎಂಬ ವಿಚಿತ್ರ ಕಾಯಗಳ ಬೆಳಕಿನ ಏರಿಳಿತವನ್ನು ವರ್ಷಗಟ್ಟಲೆ ದಾಖಲಿಸಿದೆಯೆಂದು ನನಗೆ ತಿಳಿದದ್ದು ಈಚೆಗೆ, ಕನ್ನಡ ತರಗತಿಯ ಮಕ್ಕಳಿಗೆ ಖಗೋಳದ ಬಗ್ಗೆ ನಾಲ್ಕು ಮಾತು ಹೇಳುವ ಹೊಣೆ ಹೆಗಲೇರಿದಾಗ. ವೃತ್ತಿಯಿಂದ ನಾನು ಖಗೋಳವಿಜ್ಞಾನಿಯಲ್ಲ. ಅಂಕಿಅಂಶಗಳನ್ನು ಎಣಿಸಿ, ತೂಗಿ, ಅವುಗಳಲ್ಲಿ ಯಾವುದು ಬಿಟ್ಟುಹೋಗಿದೆಯೆಂದು ಹುಡುಕುವುದು ನನ್ನ ಉದ್ಯೋಗ. ಬಹುಶಃ ಅದರಿಂದಲೇ ಈ ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು.

ದೊಡ್ಡ ಗೆಲಾಕ್ಸಿಗಳ ನಡುವೆ ಸೂರ್ಯನ ಲಕ್ಷಾಂತರ ಪಟ್ಟು, ಕೆಲವೊಮ್ಮೆ ನೂರು ಕೋಟಿ ಪಟ್ಟಿಗೂ ಮಿಗಿಲಾದ ದ್ರವ್ಯರಾಶಿಯ ಕಪ್ಪುಕುಳಿಗಳಿರುತ್ತವೆ. ಅಂಥ ಕಪ್ಪುಕುಳಿಯತ್ತ ಸುಳಿಸುಳಿದು ಬೀಳುವ ಅನಿಲದ ಒಂದಂಶ ಒಳಗೆ ಹೋಗದೆ, ಎರಡು ವಿರುದ್ಧ ದಿಕ್ಕುಗಳಲ್ಲಿ, ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಕಾರಂಜಿಯಂತೆ ಚಿಮ್ಮುವುದುಂಟು. ಆ ಧಾರೆಗಳಲ್ಲೊಂದು ನೇರವಾಗಿ ನಮ್ಮ ಕಡೆಗೆ ತಿರುಗಿದ್ದರೆ ಆ ಕಾಯವನ್ನು ಬ್ಲೇಜಾರ್ ಎನ್ನುತ್ತಾರೆ. ಕತ್ತಲ ರಸ್ತೆಯಲ್ಲಿ ಎದುರಿನಿಂದ ಬರುವ ಕಾರಿನ ದೀಪ ಕಣ್ಣು ಕೋರೈಸುತ್ತದೆ. ಅಡ್ಡರಸ್ತೆಯಲ್ಲಿ ಹಾದುಹೋಗುವ ಕಾರಿನ ದೀಪ ಗಮನಕ್ಕೇ ಬಾರದು. ದೀಪ ಅದೇ, ದಿಕ್ಕು ಮಾತ್ರ ಬೇರೆ.

ಇದನ್ನು ಅರಿಯಲು ಮನುಷ್ಯನಿಗೆ ಅರ್ಧ ಶತಮಾನ ಹಿಡಿಯಿತು. 1929ರಲ್ಲಿ ಜರ್ಮನಿಯ ಕೂನೋ ಹೋಫ್‌ಮೈಸ್ಟರ್ ಹಲ್ಲಿಯ ಹೆಸರಿನ ನಕ್ಷತ್ರಪುಂಜದಲ್ಲಿ ಮಿನುಗು ಬದಲಿಸುವ ಬಿಂದುವೊಂದನ್ನು ಗುರುತಿಸಿ, ನಕ್ಷತ್ರವೆಂದೇ ಬಗೆದು ಬಿಎಲ್ ಲಾಸೆರ್ಟೆ ಎಂಬ ಹೆಸರಿನಲ್ಲಿ ದಾಖಲಿಸಿದ. 1968ರಲ್ಲಿ ಅದು ಪ್ರಬಲ ರೇಡಿಯೋ ಆಕರವೂ ಹೌದೆಂದು ತಿಳಿಯಿತು. ಮುಂದೆ ಅದು ನಮ್ಮ ಆಕಾಶಗಂಗೆಯ ಆಚೆ, ಬಹುದೂರದ ಗೆಲಾಕ್ಸಿಯೊಂದರ ಒಡಲೆಂದು ಖಚಿತವಾಯಿತು. 1978ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಎಡ್ ಸ್ಪೀಗೆಲ್ ‘ಬ್ಲೇಜಾರ್’ ಎಂಬ ಹೆಸರನ್ನು ಸೂಚಿಸಿದರು. ನಮ್ಮೆಡೆಗೆ ತಿರುಗಿದ ಧಾರೆಯ ವಿವರಣೆಯನ್ನು ಅಲ್ಲಿ ಮುಂದಿಟ್ಟವರು ರೋಜರ್ ಬ್ಲಾಂಡ್‌ಫರ್ಡ್ ಮತ್ತು ಮಾರ್ಟಿನ್ ರೀಸ್. ಅದೇ ಬ್ಲಾಂಡ್‌ಫರ್ಡ್ ಮುಂದೆ 2003ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಬಂದು ಅಲ್ಲಿಯ ಕಾವ್ಲಿ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಬ್ಲೇಜಾರ್‌ಗಳನ್ನು ಹುಡುಕಲು ಕಠಿಣ ಕ್ಷ-ಕಿರಣಗಳೇ ಏಕೆ ಬೇಕು? ಆಸ್ಪತ್ರೆಯ ಕ್ಷ-ಕಿರಣ ಮಾಂಸವನ್ನು ಭೇದಿಸುವಂತೆ ಇವು ದಾರಿಯ ಅನಿಲ, ಧೂಳುಗಳನ್ನು ಭೇದಿಸಿ ಬರುತ್ತವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಅತ್ಯಂತ ಪ್ರಬಲವಾದ, ಅತ್ಯಂತ ದೂರದ ಬ್ಲೇಜಾರ್‌ಗಳು ತಮ್ಮ ಶಕ್ತಿಯ ಬಹುಪಾಲನ್ನು ಗಾಮಾ ಕಿರಣಗಳ ಕೆಳಹಂತದಲ್ಲಿ, ಅಂದರೆ ಕಠಿಣ ಕ್ಷ-ಕಿರಣಗಳ ನೆರೆಯಲ್ಲೇ, ಹೊರಸೂಸುತ್ತವೆ. ಆದರೆ ಭೂಮಿಯ ವಾತಾವರಣ ಈ ಕಿರಣಗಳನ್ನು ನೆಲ ಮುಟ್ಟಗೊಡುವುದಿಲ್ಲ, ಉಪಗ್ರಹವೇ ಬೇಕು. 2004ರ ನವೆಂಬರ್ 20ರಂದು ಹಾರಿದ ಸ್ವಿಫ್ಟ್ ಅಂಥದೊಂದು. ಸಾಮಾನ್ಯ ಕನ್ನಡಿ ಈ ಕಿರಣಗಳನ್ನು ಬಾಗಿಸಲಾರದು. ಆದುದರಿಂದ ಸ್ವಿಫ್ಟ್‌ನ ಬ್ಯಾಟ್ ಎಂಬ ಉಪಕರಣದಲ್ಲಿ ಕನ್ನಡಿಯ ಬದಲು 50,000ಕ್ಕೂ ಹೆಚ್ಚು ಸೀಸದ ಬಿಲ್ಲೆಗಳ ಜಾಲರಿಯಿದೆ. ಕೆಳಗೆ 32,768 ಪುಟ್ಟ ಸಂವೇದಕಗಳಿವೆ. ಬೇಲೂರಿನ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನೆನೆಯಿರಿ. ಒಳಗೆ ನೆಲದ ಮೇಲೆ ಬಿದ್ದ ನೆರಳು ಬೆಳಕಿನ ಚಿತ್ತಾರವನ್ನು ನೋಡಿಯೇ ಹೊರಗೆ ಸೂರ್ಯ ಎಲ್ಲಿದ್ದಾನೆಂದು ಹೇಳಬಹುದಲ್ಲವೆ? ಬ್ಯಾಟ್ ಕೂಡ ನೆರಳನ್ನು ಓದಿ ಆಕರವನ್ನು ಗುರುತಿಸುತ್ತದೆ.

ಸ್ವಿಫ್ಟ್‌ನ ಮುಖ್ಯ ಕೆಲಸ ಬೇರೆ: ಗಾಮಾ ಕಿರಣಗಳ ಹಠಾತ್ ಸ್ಫೋಟಗಳಿಗಾಗಿ ಕಾದಿರುವುದು. ಹಾಗೆ ಕಾಯುವ ಹೊತ್ತಿನಲ್ಲಿ ಕಣ್ಣಿಗೆ ಬಿದ್ದ ಆಕಾಶವನ್ನೆಲ್ಲ ಅದು ದಾಖಲಿಸುತ್ತ ಹೋಯಿತು. ಈ ದಾಖಲೆಯೇ ಕೂಡುತ್ತ ಕೂಡುತ್ತ ಇಡೀ ಆಕಾಶದ ಸಮೀಕ್ಷೆಯಾಯಿತು. ಮೊದಲ 105 ತಿಂಗಳ ಪಟ್ಟಿಯಲ್ಲಿ 1,632 ಆಕರಗಳಿವೆ. ಅವುಗಳಲ್ಲಿ ಬ್ಲೇಜಾರ್‌ಗಳು ಹತ್ತರಲ್ಲೊಂದು ಪಾಲಿನಷ್ಟು. ಹೀಗೆ ಕಂಡುಬಂದವುಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಲು 2012ರಲ್ಲಿ ನೂಸ್ಟಾರ್ ಹಾರಿತು. ಕಠಿಣ ಕ್ಷ-ಕಿರಣಗಳನ್ನು ಒಂದೆಡೆ ಕೇಂದ್ರೀಕರಿಸಬಲ್ಲ ವಿಶೇಷ ಕನ್ನಡಿಗಳನ್ನು ಹೊತ್ತು ಕಕ್ಷೆಗೇರಿದ ಮೊದಲ ದೂರದರ್ಶಕ ಅದು. ಅದರ ನಿಯಂತ್ರಣ ನಡೆಯುವುದು ನಮ್ಮ ಬರ್ಕ್ಲಿಯ ಗುಡ್ಡದ ಮೇಲಿಂದ.

ಈ ವಿದ್ಯೆ ನಮ್ಮ ನಾಡಿಗೂ ಹೊಸತಲ್ಲ. ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹವು ಕ್ಷ-ಕಿರಣ ಖಗೋಳದ ಪ್ರಯೋಗವೊಂದನ್ನು ಹೊತ್ತಿತ್ತು. ವಿದ್ಯುತ್ ಪೂರೈಕೆಯ ತೊಡಕಿನಿಂದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಆದರೂ 40 ವರ್ಷಗಳ ಬಳಿಕ, 2015ರಲ್ಲಿ, ಆಸ್ಟ್ರೋಸ್ಯಾಟ್ ಹಾರಿದಾಗ ಅದರಲ್ಲಿಯೂ ಬ್ಯಾಟ್‌ನಂಥದೇ ಜಾಲರಿಯ ಉಪಕರಣವೊಂದಿತ್ತು.

2009ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಸ್ಲಾಕ್‌ನಲ್ಲಿದ್ದ ಮಾರ್ಕೋ ಅಯೆಲ್ಲೊ ಮತ್ತು ಸಂಗಡಿಗರು ಬ್ಯಾಟ್‌ನ ಮೂರು ವರ್ಷಗಳ ಸಮೀಕ್ಷೆಯನ್ನು ಆಧರಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರ ಕೈಲಿದ್ದುದು ಕೇವಲ 38 ಬ್ಲೇಜಾರ್‌ಗಳು. ಅಷ್ಟರಿಂದಲೇ, ಪ್ರಬಲ ಬ್ಲೇಜಾರ್‌ಗಳು ವಿಶ್ವದ ಎಳವೆಯಲ್ಲಿ ಈಗಿಗಿಂತ ಬಹಳ ಹೆಚ್ಚಿದ್ದುವೆಂದೂ, ಆಕಾಶದ ಎಲ್ಲ ದಿಕ್ಕುಗಳಿಂದ ಬರುವ ಮಂದವಾದ ಗಾಮಾ ಹಿನ್ನೆಲೆಗೆ ಅವೇ ಕಾರಣವಾಗಿರಬಹುದೆಂದೂ ತೋರಿಸಿದರು. ಇಷ್ಟು ಕಡಮೆ ಸಂಖ್ಯೆ ಇಷ್ಟು ದೊಡ್ಡ ಮಾತಿಗೆ ಸಾಕಾದದ್ದು ಹೇಗೆ? ಸಮೀಕ್ಷೆಯು ತಾನು ಕಂಡದ್ದರ ಜೊತೆಗೆ, ಎಷ್ಟು ಮಂದವಾದದ್ದು ತನಗೆ ಕಾಣದೆಂಬುದನ್ನೂ ಲೆಕ್ಕದಲ್ಲಿಟ್ಟಿತ್ತು.

ತರಗತಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಹನ್ನೊಂದು ವರ್ಷದ ಹುಡುಗಿಯೊಬ್ಬಳು, “ನಮ್ಮ ಕಡೆ ತಿರುಗದೇ ಇರೋವು ಎಷ್ಟಿವೆ ಅಂಕಲ್?” ಎಂದಳು. ಖಗೋಳವಿಜ್ಞಾನಿಗಳು ಕೇಳುವ ಪ್ರಶ್ನೆಯೂ ಅದೇ. ವೇಗ ಹೆಚ್ಚಿದಷ್ಟೂ ಧಾರೆಯ ಬೆಳಕು ಕಿರಿದಾದ ಶಂಕುವಿನೊಳಗೆ ಅಡಗುತ್ತದೆ. ಆ ಶಂಕುವಿನ ಅಗಲದಿಂದ ಲೆಕ್ಕ ಹಾಕಿದರೆ, ಕಂಡ ಒಂದೊಂದು ಬ್ಲೇಜಾರ್‌ಗೂ ಬೇರೆಡೆಗೆ ಮುಖಮಾಡಿದ ಅಂಥವೇ ಸುಮಾರು 200ರಿಂದ 450 ಕಾಯಗಳು ಇರಲೇಬೇಕು. ವಿಶ್ವಕ್ಕೆ 200 ಕೋಟಿ ವರ್ಷ ವಯಸ್ಸಾಗಿದ್ದ ಕಾಲದ ಬ್ಲೇಜಾರ್ ಒಂದು ಕಂಡಿತೆಂದರೆ, ನೂರು ಕೋಟಿ ಸೂರ್ಯರಷ್ಟು ತೂಕದ ನೂರಾರು ಕಪ್ಪುಕುಳಿಗಳು ಆಗಲೇ ಬೆಳೆದು ನಿಂತಿದ್ದುವೆಂದು ಅರ್ಥ. ಅಷ್ಟು ಬೇಗ ಅವು ಹೇಗೆ ಬೆಳೆದವೆಂಬುದು ಇಂದಿಗೂ ಬಿಡಿಸದ ಒಗಟು.

ಆ ಸಂಜೆ ಮನೆಯಲ್ಲಿ ಅಪ್ಪನಿಗೆ ಇದನ್ನು ವಿವರಿಸಿದೆ. ಮೈಸೂರಿನ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಅಮ್ಮ ತೀರಿಕೊಂಡ ಬಳಿಕ ಮಿಲ್ಪಿಟಾಸ್‌ನ ನಮ್ಮ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಕಾರು ಓಡಿಸುವುದಿಲ್ಲ, ಜನಜಂಗುಳಿ ಒಗ್ಗುವುದಿಲ್ಲ. ನಾನು ಕೂಟದ ಸದಸ್ಯರ ಪಟ್ಟಿಯನ್ನು ನೋಡಿಕೊಳ್ಳುವವನೆಂದು ಅವರಿಗೆ ಗೊತ್ತು. ಎಲ್ಲವನ್ನೂ ಕೇಳಿ, ಕನ್ನಡಕ ಒರೆಸುತ್ತ, “ಹಾಗಾದರೆ ನಿಮ್ಮ ಪಟ್ಟಿಯಲ್ಲಿ ನನ್ನಂಥವರು ಎಷ್ಟು ಜನ ಇದ್ದೇವೋ?” ಎಂದರು. ದೂರಿನ ಧ್ವನಿಯಿರಲಿಲ್ಲ, ಮೇಷ್ಟ್ರು ಲೆಕ್ಕ ಕೊಟ್ಟಂತಿತ್ತು.

ನಮ್ಮ ಪಟ್ಟಿ ಯುಗಾದಿಗೆ, ರಾಜ್ಯೋತ್ಸವಕ್ಕೆ ಚೀಟಿ ಪಡೆದವರದು. ನಮ್ಮ ಕಡೆ ಮುಖಮಾಡಿ ಬಂದವರದು. ಆ ಒಂದೊಂದು ಹೆಸರಿನ ಹಿಂದೆ ಅಪಾರ್ಟ್‌ಮೆಂಟಿನ ಕಿಟಕಿಯ ಬಳಿ ಕುಳಿತ ಅತ್ತೆ, ಮಾವ, ಅಪ್ಪ, ಅಮ್ಮ ಎಷ್ಟು ಮಂದಿಯೋ. ಅವರನ್ನು ಅಂದಾಜಿಸುವುದಕ್ಕೆ ಉಪಗ್ರಹ ಬೇಡ. ಪ್ರತಿ ಮನೆಗೊಂದು ಫೋನ್ ಸಾಕು. ಕಳೆದ ತಿಂಗಳು ಸ್ವಯಂಸೇವಕರು ಮೂವರು ಸೇರಿ ಆ ಕೆಲಸ ಆರಂಭಿಸಿದ್ದೇವೆ. ಕರೆ ಮಾಡುವವರಲ್ಲಿ ನಾಲ್ಕನೆಯವರು ಅಪ್ಪ. ನಿಮ್ಮ ಮನೆಯ ಫೋನ್ ಮೊಳಗಿ, ಆ ಕಡೆಯಿಂದ ಮೈಸೂರಿನ ಮೇಷ್ಟ್ರೊಬ್ಬರ ಧ್ವನಿ ಕೇಳಿದರೆ, ದಯವಿಟ್ಟು ಮನೆಯ ಹಿರಿಯರ ಕೈಗೆ ಕೊಡಿ.